ಪರದೆಯ ಹಿಂದೆ ಬರೆದ ಎಡಗಣ್ಣು

ಮೂರು ವರ್ಷದ ಹಿಂದಿನ ಮಾತು. ಚೌತಿ ಮುಗಿದಿತ್ತು. ನಮ್ಮ ಚಪ್ಪರದಲ್ಲಿದ್ದ ಗಣಪತಿಗಳೆಲ್ಲ ಅವರವರ ಮನೆಗೆ ಹೋಗಿ, ಮುಳುಗಿಯೂ ಆಗಿ, ನಾವು ಮಣ್ಣು ಹತ್ತಿದ ಹಲಗೆಗಳನ್ನು ತೊಳೆದು ಬಿಸಿಲಿಗೆ ಇಟ್ಟಿದ್ದೆವು. ನಮ್ಮದು ಕುಮಟಾ. ಮಾವ ಗಣಪತಿ ಮಾಡುವವರು. ನಮ್ಮ ಮನೆಯವರು ಬಾಡಿಗೆ ಟೆಂಪೋ ಓಡಿಸುತ್ತಾರೆ, ಮಣ್ಣಿನ ಕೆಲಸ ಅವರ ಕೈಗೆ ಹತ್ತಲಿಲ್ಲ. ಹತ್ತಿದ್ದು ಸೊಸೆಯಾಗಿ ಬಂದ ನನಗೆ. ಮಣ್ಣು ಹದ ಮಾಡುವುದು, ಕಿರೀಟಕ್ಕೆ ಬಂಗಾರದ ಬಣ್ಣ, ಪೀತಾಂಬರಕ್ಕೆ ಹಳದಿ, ಇಲಿಗೆ ಮೀಸೆ, ಎಲ್ಲ ನನ್ನದೇ.

ಕಣ್ಣು ಮಾತ್ರ ಮಾವನದು. ಅದಕ್ಕೆ ನಮ್ಮಲ್ಲಿ ದೃಷ್ಟಿ ಬರೆಯುವುದು ಅನ್ನುತ್ತಾರೆ. ಚೌತಿಯ ಬೆಳಿಗ್ಗೆ ಒಯ್ಯುವವರು ಬಂದು, ಅವರ ಮನೆಯ ಮಣೆ ಇಟ್ಟು, ಮೂರ್ತಿ ಅದರ ಮೇಲೆ ಕೂತ ಮೇಲೇ ಮಾವ ಕುಂಚ ಹಿಡಿಯುವುದು. ಅಲ್ಲಿಯವರೆಗೆ ಅವರು ಹೊಟ್ಟೆಗೆ ಏನೂ ಹಾಕುವುದಿಲ್ಲ, ಚಹಾ ಕೂಡ ಇಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಬೈದರು, ನಾನು ಬೈದೆ, ನಮ್ಮ ಮನೆಯವರು ಬೈದರು. ಯಾರು ಕೇಳುತ್ತಾರೆ?

ಆ ವರ್ಷ ಭಟ್ಕಳದಿಂದ ಒಂದು ಕೆಲಸ ಬಂತು. ಅಲ್ಲಿ ಹೊಸದಾಗಿ ಕಟ್ಟಿದ ಸರ್ಕಾರಿ ಕಟ್ಟಡವೊಂದರ ಸಭಾಭವನಕ್ಕೆ ನಮ್ಮ ದೇಶದ ಮಾಜಿ ರಾಷ್ಟ್ರಪತಿಗಳೊಬ್ಬರ ಹೆಸರಿಟ್ಟಿದ್ದರು. ಅವರ ಎದೆಮಟ್ಟದ ಮೂರ್ತಿ ಬೇಕಾಗಿತ್ತು. ಯಾವ ರಾಷ್ಟ್ರಪತಿ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೆಲ್ಲ ಹೋಗಿ ಆ ಮೂರ್ತಿಯ ಕಣ್ಣನ್ನೇ ದಿಟ್ಟಿಸುತ್ತಾ ನಿಲ್ಲುತ್ತೀರಿ.

ಮಾವ ಮೊದಲು ಒಪ್ಪಲಿಲ್ಲ. "ನಾ ದೇವರ ಮಾಡಿದವ. ಮನುಷ್ಯರ ಮುಖ ನಂಗೆ ಬತ್ತದ್ಯ?" ಅಂದರು. ಆದರೆ ಆಫೀಸಿನವರು ಕೊಟ್ಟ ಫೋಟೋವನ್ನು ಗೋಡೆಗೆ ಅಂಟಿಸಿಕೊಂಡು ಹೋಗುತ್ತಾ ಬರುತ್ತಾ ನೋಡತೊಡಗಿದರು. ಒಂದು ದಿನ ಊಟಕ್ಕೆ ಕೂತಾಗ ತಾವಾಗಿ ಹೇಳಿದರು: "ಇಷ್ಟು ವರ್ಷ ಮಾಡಿದ್ದೆಲ್ಲ ನೀರಿಗೆ ಹೋತು ನಾಗವೇಣಿ. ಮಾಡೂದು, ಕೊಡೂದು, ಮುಳ್ಗಿಸೂದು. ಇದೊಂದು ಉಳೀತದೆ. ನಾ ಸತ್ತ ಮೇಲೂ ಒಂದು ಮೂಲೇಲಿ ಕೂತ್ಕಂಡಿರ್ತದೆ."

ಹೌದಲ್ಲ, ಆ ಮನುಷ್ಯ ಆಯುಷ್ಯವಿಡೀ ದುಡಿದದ್ದಕ್ಕೆ ತೋರಿಸಲು ಒಂದು ಗೊಂಬೆಯೂ ಉಳಿದಿಲ್ಲ. ಅವತ್ತಿನಿಂದ ಆ ಮೂರ್ತಿಯ ಮೇಲೆ ನನಗೂ ಅಕ್ಕರೆ ಬಂತು.

ಸಿಮೆಂಟಿನಲ್ಲಿ ಮಾಡಿದರು. ಮಣ್ಣಿನ ಹಾಗೆ ಅದು ಹೇಳಿದ್ದು ಕೇಳುವುದಿಲ್ಲ ಅಂತ ಬೈಯುತ್ತಾ, ಉಜ್ಜುತ್ತಾ, ಮತ್ತೆ ಹಚ್ಚುತ್ತಾ ಮಾಡಿದರು. ಮೂಗು ಸರಿಯಾಗಲಿಲ್ಲವೆಂದು ಒಂದು ಸಲ ಕೆತ್ತಿಯೇ ತೆಗೆದರು. ಕಡೆಗೆ ಮುಖ ಎಷ್ಟು ಚೆನ್ನಾಗಿ ಬಂತೆಂದರೆ ಹಾಲು ಹಾಕಲು ಬಂದವಳು ಹೆಸರು ಹಿಡಿದು ಹೇಳಿದಳು. ಕೋಟಿಗೆ, ಕೂದಲಿಗೆ ನಾನು ಬಣ್ಣ ಹಚ್ಚಿದೆ. ಕಣ್ಣುಗುಡ್ಡೆ ಎರಡೂ ಬೆಳ್ಳಗೆ ಹಾಗೇ ಉಳಿದವು. ಮುಸ್ಸಂಜೆಯಲ್ಲಿ ನಾನು ಆ ಕಡೆ ನೋಡದೆ ಬೇಗ ದಾಟಿ ಹೋಗುತ್ತಿದ್ದೆ.

"ಮಾವ, ಕಣ್ಣು?" ಕೇಳಿದೆ.

"ಅಲ್ಲಿ ಹೋಗಿ. ಪೀಠದ ಮೇಲೆ ಕೂತ್ಕಂಡ ಮೇಲೆ."

"ಇದು ಗಣಪತಿ ಅಲ್ಲ ಮಾವ. ಇಲ್ಲೇ ಬರೆದು ಕಳಿಸಿ. ಆಫೀಸಿನವರಿಗಾದರೂ ಹೇಳಿದ್ದೀರಾ?"

"ಹೇಳೂದು ಎಂತಕೆ? ಇಷ್ಟೂ ಗೊತ್ತಿರೂದಿಲ್ವಾ ಅವ್ರಿಗೆ?"

ನಾನು ಗಂಡನ ಮುಖ ನೋಡಿದೆ. ಅವರು "ಅಪ್ಪಂಗೆ ಹೇಳಿ ಸುಖ ಇಲ್ಲ" ಎಂದು ಟೆಂಪೋ ಒರೆಸಲು ಹೋದರು.

ಕಾರ್ಯಕ್ರಮದ ಹಿಂದಿನ ದಿನ ಇವರೇ ಮೂರ್ತಿಯನ್ನು ಹುಲ್ಲಿನ ಮೇಲೆ ಮಲಗಿಸಿ ಭಟ್ಕಳಕ್ಕೆ ಒಯ್ದರು. ಮುಖಕ್ಕೆ ಮಾವನ ಹಳೇ ಪಂಚೆ ಸುತ್ತಿತ್ತು. ಅದನ್ನು ಬಿಚ್ಚಬಾರದೆಂದು ಮಾವ ಮತ್ತೆ ಮತ್ತೆ ಹೇಳಿ ಕಳಿಸಿದ್ದರು. ಅಲ್ಲಿಯವರು ಹಾಗೇ ಪೀಠದ ಮೇಲೆ ಕೂರಿಸಿ, ಮುಂದೆ ಕೆಂಪು ಪರದೆ ಕಟ್ಟಿ, ಹಗ್ಗ ಎಳೆದು ನೋಡಿ ಖುಷಿಪಟ್ಟರಂತೆ. ಪಂಚೆಯ ಒಳಗೆ ಯಾರೂ ಇಣುಕಲಿಲ್ಲ. ಮಾರನೇ ದಿನ ಹನ್ನೊಂದಕ್ಕೆ ಅನಾವರಣ. ಒಂಬತ್ತೂವರೆಗೆ ಹೋಗಿ ಕೂತರೆ ಮಾವನಿಗೆ ಬೇಕಾದಷ್ಟು ಹೊತ್ತು. ಶಿಲ್ಪಿಗೆ ಶಾಲು ಹೊದಿಸುತ್ತೇವೆ ಅಂತಲೂ ಹೇಳಿದ್ದರು. ಮಾವ ಅದನ್ನು ಕೇಳದವರ ಹಾಗೆ ಕೇಳಿಸಿಕೊಂಡರು, ಆದರೆ ಬಿಳಿ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡರು.

ಬೆಳಿಗ್ಗೆ ಮೂವರೂ ಟೆಂಪೋದ ಮುಂದಿನ ಸೀಟಿನಲ್ಲಿ ಒತ್ತಿ ಕೂತು ಹೊರಟೆವು. ನಾನು ಗಿಳಿಹಸಿರು ಸೀರೆ ಉಟ್ಟಿದ್ದೆ. ಎರಡು ದೋಸೆ ತಿಂದಿದ್ದೆ, ಚಹಾ ಕುಡಿದಿದ್ದೆ. ಮಾವ ಸ್ನಾನ ಮಾಡಿ, ಕುಂಚದ ಚೀಲ ತೊಡೆಯ ಮೇಲಿಟ್ಟುಕೊಂಡು ಖಾಲಿ ಹೊಟ್ಟೆಯಲ್ಲಿ ಕೂತಿದ್ದರು.

ಹೊನ್ನಾವರದಲ್ಲಿ ಶರಾವತಿ ಸೇತುವೆಗೆ ಬರುವ ಮೊದಲೇ ವಾಹನಗಳ ಸಾಲು. ಒಂದು ಟ್ಯಾಂಕರ್ ರಸ್ತೆಗೆ ಅಡ್ಡವಾಗಿ ಕೆಟ್ಟು ನಿಂತಿತ್ತು. ಸ್ವಲ್ಪ ಹೊತ್ತಿನಲ್ಲಿ ಸರಿಯಾಗುತ್ತದೆ ಅಂದುಕೊಂಡೆವು. ಆಗಲಿಲ್ಲ. ಹಿಂದೆ ಬಂದ ಮೀನಿನ ಲಾರಿಯಿಂದ ಮಂಜುಗಡ್ಡೆ ನೀರು ಸೋರಿ ನಮ್ಮ ಚಕ್ರದ ತನಕ ಹರಿದು ಬಂತು. ನಾನು ಇಳಿದು ಬಾಳೆಹಣ್ಣು ತಂದೆ. ಮಾವ ಮುಖ ತಿರುಗಿಸಿದರು.

"ಒಂದಾದರೂ ತಿನ್ನಿ ಮಾವ. ಕೈ ನಡುಗಿದರೆ ಎಂತ ಮಾಡ್ತೀರಿ?"

"ಕೈ ನಡುಗೂದು ತಿಂದವ್ರಿಗೆ" ಅಂದರು. ಈ ಮಾತಿಗೆ ಅರ್ಥವುಂಟೇ?

ಅಷ್ಟರಲ್ಲಿ ಇವರ ಫೋನು ಬಡಿದುಕೊಂಡಿತು. ಭಟ್ಕಳದ ಆಫೀಸಿನ ಸಾಹೇಬರು. ಮುಖ್ಯ ಅತಿಥಿಗಳಿಗೆ ಬೇರೆ ಕೆಲಸ ಬಂದಿದೆಯಂತೆ, ಕಾರ್ಯಕ್ರಮ ಹತ್ತಕ್ಕೇ ಶುರು, ಬೇಗ ಬನ್ನಿ ಅಂದರು. ಅತಿಥಿಗಳು ಉಡುಪಿ ಕಡೆಯಿಂದ ಬರುವವರು, ಅವರಿಗೆ ಈ ಟ್ಯಾಂಕರಿನ ಕಾಟ ಇರಲಿಲ್ಲ. ಇವರು "ಸಾರ್, ಸಾರ್, ಅದಕ್ಕೆ ಇನ್ನೂ ಕಣ್ಣು..." ಅನ್ನುವಷ್ಟರಲ್ಲಿ ಆ ಕಡೆ ಯಾರೋ ಕುರ್ಚಿ ಎಲ್ಲಿಡಬೇಕೆಂದು ಕೂಗಿದರು, ಸಾಹೇಬರು "ಬನ್ನಿ ಬನ್ನಿ" ಎಂದು ಫೋನು ಇಟ್ಟೇಬಿಟ್ಟರು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಮಾವ ನನ್ನ ಕಡೆ ತಿರುಗಿದರು. "ಅವ್ರು ಪಂಚೆ ಬಿಚ್ಚಿ, ಹಂಗೇ ಪರದೆ ಎಳ್ದ್ರೆ?"

ಅವರ ತುಟಿ ಒಣಗಿತ್ತು. ದಾರಿಯುದ್ದಕ್ಕೂ "ನಾನು ಆಗಲೇ ಹೇಳಿರಲಿಲ್ಲವಾ" ಅನ್ನಬೇಕೆಂದು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಆ ಮುಖ ನೋಡಿ ನುಂಗಿಕೊಂಡೆ. ಊರಿನ ದೊಡ್ಡವರೆಲ್ಲ ಕೂತಿರುತ್ತಾರೆ. ಪರದೆ ಸರಿಯುತ್ತದೆ. ದೇಶಕ್ಕೆ ರಾಷ್ಟ್ರಪತಿಯಾಗಿದ್ದವರು ಬಿಳಿ ಗುಡ್ಡೆ ಬಿಟ್ಟುಕೊಂಡು ಕೂತಿರುತ್ತಾರೆ. ಯಾರಾದರೂ ಮೊಬೈಲಿನಲ್ಲಿ ಫೋಟೋ ಹೊಡೆದರೆ ಮುಗಿಯಿತು, ಸಾಯುವ ತನಕ ಮಾವ ಕುರುಡು ಮೂರ್ತಿ ಮಾಡಿದವರು ಅನ್ನಿಸಿಕೊಳ್ಳುತ್ತಾರೆ. ನನಗೆ ಅಳು ಬಂದುಬಿಟ್ಟಿತು.

ಟ್ಯಾಂಕರನ್ನು ಎಳೆದು ಬದಿಗೆ ಹಾಕಿದ ಮೇಲೆ ಇವರು ಟೆಂಪೋ ಓಡಿಸಿದ ರೀತಿ ನೆನೆದರೆ ಈಗಲೂ ಸೀಟು ಗಟ್ಟಿ ಹಿಡಿಯುವ ಹಾಗಾಗುತ್ತದೆ. ಮಂಕಿ, ಮುರ್ಡೇಶ್ವರದ ಕ್ರಾಸು, ಶಿರಾಲಿ, ಯಾವುದೂ ಕಣ್ಣಿಗೆ ಕಾಣಲಿಲ್ಲ. ಭಟ್ಕಳ ಮುಟ್ಟಿದಾಗ ಕಟ್ಟಡದ ಮುಂದೆ ಕಾರುಗಳು ನಿಂತಿದ್ದವು, ಒಳಗಿನಿಂದ ಸ್ವಾಗತ ಗೀತೆ ಕೇಳುತ್ತಿತ್ತು. ಗಾಡಿ ನಿಲ್ಲಿಸಲು ಜಾಗವಿಲ್ಲದೆ ಇವರು ಮುಂದೆ ಹೋದರು. ನಾನು ಮಾವನ ಕೈ ಹಿಡಿದುಕೊಂಡು ಹೆಚ್ಚುಕಡಿಮೆ ಎಳೆದುಕೊಂಡೇ ಮೆಟ್ಟಿಲು ಹತ್ತಿದೆ.

ಬಾಗಿಲಲ್ಲಿ ಒಬ್ಬ ಮಹಿಳಾ ಪೊಲೀಸ್ ಕೈ ಅಡ್ಡ ಹಿಡಿದಳು. ಒಳಗೆ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ, ಮುಂದೆ ಹೋಗುವಂತಿಲ್ಲ ಅಂದಳು. ನಾನು ಇಣುಕಿದೆ. ವೇದಿಕೆಯ ಒಂದು ಪಕ್ಕ ಕೆಂಪು ಪರದೆ. ಸಾಹೇಬರು ವೇದಿಕೆಯ ಮೇಲೆ, ಅತಿಥಿಗಳ ಕಿವಿಯಲ್ಲಿ ಏನೋ ಹೇಳುತ್ತಾ ಕೂತಿದ್ದಾರೆ.

"ಮೇಡಂ, ಇವರು ಮೂರ್ತಿ ಮಾಡಿದವರು. ಅದಕ್ಕೆ ಕಣ್ಣು ಬರೆದಿಲ್ಲ" ಅಂದೆ.

ಅವಳಿಗೆ ಅರ್ಥವಾಗುವುದಿಲ್ಲ, ಮಳ್ಳು, ತಲೆಕೆಟ್ಟವಳು ಅಂದುಕೊಳ್ಳುತ್ತಾಳೆ ಅಂತಲೇ ನಾನು ತಿಳಿದಿದ್ದೆ. ಅವಳು ಮಾವನ ಕೈಯಲ್ಲಿದ್ದ ಕುಂಚದ ಚೀಲ ನೋಡಿದಳು.

"ಅಯ್ಯೋ ದೇವ್ರೇ! ದೃಷ್ಟಿ ಬರ್ದಿಲ್ವಾ?"

"ಪೀಠದ ಮೇಲೆ ಕೂತ ಮೇಲೆ ಬರೆಯೂದು ನಮ್ಮನೆ ಕ್ರಮ" ಮಾವ ತಪ್ಪು ಮಾಡಿದವರ ಹಾಗೆ ಹೇಳಿದರು.

"ನಮ್ಮೂರು ಬೆಳಕೆ ಮಾರ್ರೆ. ನಮ್ಮನೆ ಗಣಪತೀಗೂ ಮಣೆ ಮೇಲೆ ಕೂತ್ಕಂಡ ಮೇಲೇ ಬರೆಯೂದು. ಬನ್ನಿ ಈ ಕಡೆ. ನನ್ನ ಕೆಲಸ ಹೋದ್ರೆ ನೀವೇ ಸಾಕ್ಬೇಕು ಮತ್ತೆ."

ಪುಣ್ಯಾತ್ಗಿತ್ತಿ! ಕಟ್ಟಡದ ಹಿಂದಿನಿಂದ ಒಂದು ಓಣಿಯಲ್ಲಿ ಕರೆದುಕೊಂಡು ಹೋಗಿ, ಚಿಕ್ಕ ಬಾಗಿಲು ತೆಗೆದಳು. ಅದು ಸೀದಾ ಪರದೆಯ ಹಿಂದಕ್ಕೆ ತೆರೆಯುತ್ತಿತ್ತು. ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟು, ತಾನು ಬಾಗಿಲಲ್ಲಿ ನಿಂತಳು. ನಾವು ಕೆಂಪು ಬಟ್ಟೆಯ ಈಚೆ, ಭಟ್ಕಳದ ಜನರೆಲ್ಲ ಆಚೆ. ಯಾರೋ ಕೆಮ್ಮಿದರೂ ನನ್ನ ಕಿವಿಯ ಹತ್ತಿರವೇ ಕೆಮ್ಮಿದ ಹಾಗೆ ಕೇಳುತ್ತಿತ್ತು.

ನಾನು ಪಂಚೆ ಬಿಚ್ಚಿದೆ. ಮಾವ ಕುರ್ಚಿ ಹತ್ತಿದರು. ಒಂದು ಕೈಯಲ್ಲಿ ಬಣ್ಣದ ತೆಂಗಿನ ಗರಟೆ, ಇನ್ನೊಂದು ಕೈಯಲ್ಲಿ ಮೊಬೈಲಿನ ಬೆಳಕು ಹಿಡಿದು ನಾನು ಕೆಳಗೆ ನಿಂತೆ. ಆಚೆ ಸ್ವಾಗತ ಭಾಷಣ ಶುರುವಾಗಿತ್ತು. ಆ ಭಾಷಣ ಮಾಡಿದವರಿಗೆ ನಾನು ಇವತ್ತಿಗೂ ಋಣಿ, ಅಷ್ಟು ಉದ್ದ ಮಾಡಿದರು. ಮಾವ ಬಲಗಣ್ಣಿಗೆ ಕಂದು ಬಣ್ಣದ ವೃತ್ತ ಎಳೆದರು, ನಡುವೆ ಕಪ್ಪು ಇಟ್ಟರು, ರೆಪ್ಪೆಯ ಗೆರೆ ಎಳೆದರು. ಕೈ ಒಂದಿಷ್ಟೂ ನಡುಗಲಿಲ್ಲ. ಕಡೆಗೆ ಕಪ್ಪಿನ ಮೇಲೆ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಬಿದ್ದ ಕೂಡಲೇ ಆ ಕಣ್ಣು ನಮ್ಮನ್ನು ನೋಡಿತು. ಎಷ್ಟು ವರ್ಷದಿಂದ ನೋಡಿದರೂ ಅದು ನನಗೆ ಹಳತಾಗಿಲ್ಲ.

ಕುಂಚ ಅದ್ದಲು ಮಾವ ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ನಾಗವೇಣಿ, ಕಣ್ಣು ಕತ್ಲೆ ಬತ್ತದೆ."

ಬಣ್ಣ ಕೆಳಗಿಟ್ಟು ಅವರನ್ನು ಅಪ್ಪಿ ಹಿಡಿದು ಇಳಿಸಿದೆ. ಪೊಲೀಸ್ ಹುಡುಗಿ ಓಡಿ ಬಂದು ಮತ್ತೊಂದು ಕಡೆಯಿಂದ ಹಿಡಿದಳು. ಮೈ ತಣ್ಣಗಾಗಿತ್ತು. ನನಗೆ ಮೂರ್ತಿಯೂ ಬೇಡ, ಸರ್ಕಾರವೂ ಬೇಡ, ಮಾವ ಒಬ್ಬರು ಉಳಿದರೆ ಸಾಕು ಅನ್ನಿಸಿತು. ಆದರೆ ಮಾವ ನನ್ನ ಕೈಯಲ್ಲಿ ಕುಂಚ ತುರುಕಿದರು.

"ನೀ ಬರಿ."

"ನಾನಾ? ಮಾವ, ನಾ ಯಾವತ್ತೂ ಕಣ್ಣು ಮುಟ್ಟಿದವಳಲ್ಲ!"

"ಮುಟ್ಟು ಈಗ."

"ನಾ ತಿಂದುಕೊಂಡು ಬಂದಿದ್ದೇನೆ. ಎರಡು ದೋಸೆ!"

"ಇವ್ರು ದೇವರಲ್ಲ, ಮನುಷ್ಯರು. ಅವ್ರೂ ತಿಂದ್ಕಂಡೇ ರಾಜ್ಯ ಆಳಿದ್ದು. ಹತ್ತು!"

ಹಾಗಿದ್ದ ಮೇಲೆ ನೀವು ಯಾಕೆ ಬೆಳಿಗ್ಗೆಯಿಂದ ಉಪವಾಸ ಬಿದ್ದಿರಿ ಮಹಾರಾಯರೇ ಅಂತ ಕೇಳಲು ಆಗ ಸಮಯವಿರಲಿಲ್ಲ. ಅವರಿಬ್ಬರೂ ಬಾಗಿಲಾಚೆ ಹೋದರು. ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು, ಗರಟೆ ತೆಗೆದುಕೊಂಡು ಕುರ್ಚಿ ಹತ್ತಿದೆ.

ಎದುರಿಗೆ ಒಂದು ಕಣ್ಣಿನ ರಾಷ್ಟ್ರಪತಿ. ಆ ಒಂದು ಕಣ್ಣು ನನ್ನನ್ನೇ ನೋಡುತ್ತಿದೆ, ನೀನು ಯಾರು ಅಂತ ಕೇಳುವ ಹಾಗೆ. ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಕಂದು ವೃತ್ತ ಎಳೆದೆ. ಮಾವ ಬರೆದದ್ದನ್ನು ನೋಡಿ ನೋಡಿ ಸಮ ಮಾಡಿದೆ. ಕಪ್ಪು ಇಟ್ಟೆ. ಅಷ್ಟು ಹೊತ್ತಿಗೆ ಆಚೆ ಮೈಕಿನಲ್ಲಿ, "ಈಗ ಗಣ್ಯರು ಮೂರ್ತಿಯನ್ನು ಅನಾವರಣಗೊಳಿಸಬೇಕಾಗಿ ವಿನಂತಿ" ಅಂತ ಕೇಳಿತು. ಕುರ್ಚಿಗಳು ಸರಿದವು. ಹೆಜ್ಜೆಗಳು ಪರದೆಯ ಹತ್ತಿರ ಬಂದವು. ರೆಪ್ಪೆಯ ಗೆರೆ ಎಳೆಯುವಾಗ ನನ್ನ ಕೈ ಒಂದು ಎಳೆಯಷ್ಟು ಮೇಲಕ್ಕೆ ಹೋಯಿತು. ಒರೆಸಿ ತಿದ್ದಲು ಪುರುಸೊತ್ತಿಲ್ಲ. ಬಿಳಿ ಚುಕ್ಕೆ ಇಟ್ಟೆ. ಕುರ್ಚಿಯಿಂದ ಹಾರಿದೆ. ಬಾಗಿಲಿಗೆ ಹೋಗಲು ಆಗಲಿಲ್ಲ, ಕುರ್ಚಿಯನ್ನು ಎಳೆದುಕೊಂಡು ಪೀಠದ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ಪರದೆ ಸರ್ರೆಂದು ಸರಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ.

ಪೀಠಕ್ಕೆ ಹಣೆ ಒತ್ತಿ ಕೂತಿದ್ದೆ ನಾನು. ಕಣ್ಣು ಓರೆಯಾಯಿತೇ? ಬಣ್ಣ ಕೆನ್ನೆಗೆ ಇಳಿಯಿತೇ? ನಮ್ಮ ಮಾವನ ಮರ್ಯಾದೆ ನನ್ನ ಕೈಯಿಂದಲೇ ಹೋಯಿತಲ್ಲ ದೇವರೇ ಅಂದುಕೊಂಡೆ. ಆಗ ಮುಂದಿನ ಸಾಲಿನಿಂದ ಯಾರೋ ಹೆಂಗಸು "ಅಬ್ಬಾ! ಬಂದು ಕೂತ ಹಾಗೇ ಇದೆಯಲ್ಲ" ಅಂದದ್ದು ಕೇಳಿತು. ಅದರ ಹಿಂದೆಯೇ ಚಪ್ಪಾಳೆ. ಏನು ಚಪ್ಪಾಳೆ! ಸಭಾಭವನದ ಗಾಜು ನಡುಗಿತು. ನಾನು ಅಲ್ಲೇ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಅಷ್ಟು ಹಗುರಾದದ್ದು ನನ್ನ ಹೆರಿಗೆ ಮುಗಿದ ದಿನ ಬಿಟ್ಟರೆ ಅವತ್ತೇ.

ಮಾಲೆ ಹಾಕುವಾಗ ಮತ್ತೆ ಜೀವ ಹೋಗಿ ಬಂತು. ಬಣ್ಣ ಇನ್ನೂ ಹಸಿ. ಸೇವಂತಿಗೆ ಮಾಲೆ ತಲೆಯ ಮೇಲಿಂದ ಇಳಿಯುವಾಗ ಎಲ್ಲಿ ಕಣ್ಣಿಗೆ ಉಜ್ಜುತ್ತದೋ ಎಂದು ನಾನು ಪೀಠದ ಹಿಂದಿನಿಂದ ಕತ್ತೆತ್ತಿ ನೋಡುತ್ತಿದ್ದೆ. ಅತಿಥಿಗಳು ನಿಧಾನದ ಮನುಷ್ಯರು. ಮಾಲೆ ಎರಡು ಕಿವಿಯ ಪಕ್ಕದಲ್ಲೇ ಇಳಿದು ಹೆಗಲ ಮೇಲೆ ಕೂತಿತು. ಅವರು ವೇದಿಕೆಗೆ ಹಿಂದಿರುಗಿದ ಮೇಲೆ ಪೊಲೀಸ್ ಹುಡುಗಿ ಸಣ್ಣಗೆ ಶಿಳ್ಳೆ ಹಾಕಿದಳು. ನಾನು ಬಗ್ಗಿಕೊಂಡೇ ಬಾಗಿಲು ದಾಟಿದೆ. ಆ ಹೊತ್ತಿನ ಒಂದು ಫೋಟೋದಲ್ಲಿ ಪೀಠದ ಪಕ್ಕ ಗಿಳಿಹಸಿರು ಬಟ್ಟೆಯ ತುದಿ ಕಾಣುತ್ತದೆ. ಅಲಂಕಾರಕ್ಕೆ ಕಟ್ಟಿದ್ದೆಂದು ಎಲ್ಲರೂ ತಿಳಿದಿದ್ದಾರೆ.

ಮಾವ ಓಣಿಯಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಆ ಹುಡುಗಿ ತನ್ನ ಚೀಲದಲ್ಲಿದ್ದ ಚಾಕಲೇಟು ತಿನ್ನಿಸಿ ನೀರು ಕುಡಿಸಿದ್ದಳು. ಮುಖಕ್ಕೆ ರಕ್ತ ಬಂದಿತ್ತು. ಇವರೂ ಗಾಡಿ ನಿಲ್ಲಿಸಿ ಹುಡುಕಿಕೊಂಡು ಬಂದು ಪಕ್ಕದಲ್ಲಿ ನಿಂತಿದ್ದರು.

"ಯಾರಾರೂ ನಗಾಡಿದ್ರಾ?" ಮಾವ ಕೇಳಿದರು.

"ಇಲ್ಲ ಮಾವ. ಚಪ್ಪಾಳೆ ಕೇಳಲಿಲ್ವಾ?"

"ಕೇಳ್ತು. ಆದ್ರೂ ಕೇಳ್ದೆ."

ಮೈಕಿನಲ್ಲಿ ಶಿಲ್ಪಿಗಳು ವೇದಿಕೆಗೆ ಬರಬೇಕೆಂದು ಕರೆದರು. ಇವರು ಮಾವನ ತೋಳು ಹಿಡಿದು ಕರೆದುಕೊಂಡು ಹೋದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮಾವ ಜನರ ಕಡೆ ನೋಡಲೇ ಇಲ್ಲ, ಮೂರ್ತಿಯ ಕಡೆಗೇ ನೋಡುತ್ತಾ ನಿಂತಿದ್ದರು. ನಾನು ಆ ಹುಡುಗಿಯ ಕೈ ಹಿಡಿದುಕೊಂಡೆ. "ಹೋಗಿ ಅಕ್ಕ, ನೀವೂ ಎಂತಾದ್ರೂ ತಿನ್ನಿ" ಅಂದು ಅವಳು ತನ್ನ ಬಾಗಿಲಿಗೆ ಓಡಿದಳು.

ವಾಪಸು ಬರುವಾಗ ಹೊನ್ನಾವರದ ಹೋಟೆಲೊಂದರಲ್ಲಿ ಮಾವ ಬನ್ಸು ತಿಂದರು, ಮತ್ತೊಂದು ತರಿಸಿಕೊಂಡರು. ಕೈ ತೊಳೆದು ಟೆಂಪೋ ಹತ್ತಿದ ಮೇಲೆ ಹೇಳಿದರು:

"ನಿನ್ನ ಕಣ್ಣು ಸ್ವಲ್ಪ ನಗ್ತದೆ."

ರೆಪ್ಪೆಯ ಗೆರೆ ಮೇಲೆ ಹೋದದ್ದು ಅವರಿಗೆ ಕಾಣದೆ ಇರುತ್ತದೆಯೇ? "ತಪ್ಪಾಯ್ತು ಮಾವ, ಕೈ ಜಾರಿತು" ಅಂದೆ.

"ಇರ್ಲಿ ಬಿಡು. ದೊಡ್ಡ ಮನುಷ್ಯರು. ಒಂದು ಕಣ್ಣಾರೂ ನಗ್ಲಿ."

ಈ ವಿಷಯ ಯಾರಿಗೂ ಹೇಳಬಾರದೆಂದು ನಾನು ಗಂಡನಿಂದ ಆಣೆ ಹಾಕಿಸಿಕೊಂಡೆ. ಮಾವನ ಹೆಸರಿನಲ್ಲಿ ಉಳಿಯುವುದು ಅದೊಂದೇ, ಅದರಲ್ಲಿ ನನ್ನ ಪಾಲು ಯಾಕೆ? ನಮ್ಮ ಅಮ್ಮನಿಗೂ ನಾನು ಹೇಳಲಿಲ್ಲ.

ಕಳೆದ ವರ್ಷ ಭಟ್ಕಳದ ಪಕ್ಕದ ಮುಟ್ಟಳ್ಳಿಯಲ್ಲಿ ನೆಂಟರ ಮನೆಯ ಮದುವೆಗೆ ಹೋದವರು, ಮಾವ ಹಟ ಹಿಡಿದರೆಂದು ಆ ಕಟ್ಟಡಕ್ಕೂ ಹೋದೆವು. ಸಭಾಭವನ ಖಾಲಿಯಿತ್ತು. ಗುಡಿಸುತ್ತಿದ್ದ ಹೆಂಗಸೊಬ್ಬಳು ನಾವು ನೋಡುತ್ತಾ ನಿಂತದ್ದು ಕಂಡು ಹತ್ತಿರ ಬಂದಳು. "ಚಂದ ಉಂಟಲ್ಲ? ಬಾಗಿಲ ಬದಿಯಿಂದ ನೋಡಿದ್ರೆ ಬೈದ ಹಾಗೆ ಕಾಣ್ತಾರೆ, ಕಿಟಕಿ ಬದಿಯಿಂದ ನೋಡಿದ್ರೆ ನಗಾಡ್ತಾರೆ. ನಾ ಯಾವಾಗ್ಲೂ ಕಿಟಕಿ ಬದಿಯಿಂದಾನೇ ಗುಡಿಸೂಕೆ ಶುರು ಮಾಡೂದು" ಅಂದಳು.

ನಾನು ನೆಲ ನೋಡಿದೆ. ಮಾವ ಕೋಲು ಊರಿಕೊಂಡು ಎರಡು ಹೆಜ್ಜೆ ಮುಂದೆ ಹೋಗಿ, ಆ ಖಾಲಿ ಸಭಾಭವನಕ್ಕೆಲ್ಲ ಕೇಳುವ ಹಾಗೆ ಹೇಳಿದರು:

"ಬೈಯೂ ಕಣ್ಣು ನಂದು. ಆ ನಗೂ ಕಣ್ಣು ಅದೆಯಲ್ಲ, ಅದು ನಮ್ಮ ಸೊಸೆ ಬರ್ದದ್ದು. ಇವಳೇ."